ಸತ್ಯಾಂಶ: ತಂಬಾಕು ಹಾಕದಿದ್ದರೆ ಎಲೆಯಡಿಕೆ ಸೇಫಾ?

"ಬರೀ ಎಲೆ, ಅಡಿಕೆ, ಸುಣ್ಣ ಹಾಕಿಕೊಂಡರೆ ಬಾಯಿ ಕ್ಯಾನ್ಸರ್ ಬರಲ್ಲ, ತಂಬಾಕು ಹಾಕಿದರಷ್ಟೇ ಬರೋದು." ವಾಟ್ಸಾಪಿನಲ್ಲಿ ಈ ಮಾತು ಮತ್ತೆ ಮತ್ತೆ ಸುತ್ತುತ್ತದೆ.

ತಂಬಾಕು ಸೇರಿದರೆ ಅಪಾಯ ಜಾಸ್ತಿ, ಅದು ನಿಜ. ಆದರೆ ಬರೀ ಅಡಿಕೆಯೂ ಸುಮ್ನೆ ಬಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯಿಂದಲೇ ಮನೆ ನಡೆಯುವ ಮಲೆನಾಡು, ಕರಾವಳಿಯವರಿಗೆ ಇದು ಕೇಳಲು ಕಹಿ.

ಅಡಿಕೆಯಲ್ಲಿ ಅರೆಕೋಲಿನ್ ಎಂಬ ಅಂಶವಿದೆ. ದಿನವೂ ಜಗಿಯುತ್ತಿದ್ದರೆ ಕೆನ್ನೆಯ ಒಳಭಾಗ ಬಿಳಿಚಿಕೊಂಡು ಬಿಗಿಯಾಗಬಹುದು. ಮೊದಲು ಸಾರಿನ ಖಾರಕ್ಕೇ ಬಾಯಿ ಉರಿಯುತ್ತದೆ. ಆಮೇಲೆ ಬಾಯಿ ತೆರೆಯುವುದೇ ಕಷ್ಟ. ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ, ಕೆಳಗಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಹಿಡಿಸದಿದ್ದರೆ ದಂತವೈದ್ಯರ ಹತ್ತಿರ ಹೋಗಿ. ಈ ಬಿಗಿತ ಕೆಲವರಲ್ಲಿ ಮುಂದೆ ಕ್ಯಾನ್ಸರಾಗಿ ತಿರುಗುತ್ತದೆ.

ಪಾನ್ ಮಸಾಲಾ ಪ್ಯಾಕೆಟ್ ಮೇಲೆ "ತಂಬಾಕು ಇಲ್ಲ" ಅಂತ ಬರೆದಿದ್ದರೂ ಒಳಗಿರುವುದು ಅಡಿಕೆಯೇ ಅಲ್ವಾ? ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಈಗ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು. ಬಾಯಲ್ಲಿ ಬೆರೆತರೆ ಅದೇ ಗುಟ್ಕಾ!

ಬೀಡಿ, ಸಿಗರೇಟಿನ ಜೊತೆ ಕುಡಿತವೂ ಇದ್ದರೆ ಬಾಯಿ, ಗಂಟಲಿಗೆ ಅಪಾಯ ಹಲವು ಪಟ್ಟು. ಗಂಟಲ ಕ್ಯಾನ್ಸರಿಗೆ ಕೆಲವೊಮ್ಮೆ ಎಚ್‌ಪಿವಿ ವೈರಸ್ ಕೂಡ ಕಾರಣ. ಅದಕ್ಕೆ ಲಸಿಕೆ ಇದೆ.

ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಒಡೆದ ದನಿ, ಕತ್ತಿನಲ್ಲಿ ಗಂಟು ಇದ್ದರೆ ಡಾಕ್ಟರಿಗೆ ತೋರಿಸಿ. ನೋವಿಲ್ಲ ಅಂತ ಕಾಯಬೇಡಿ. ಶುರುವಿನಲ್ಲಿ ಎಷ್ಟೋ ಸಲ ನೋವೇ ಇರುವುದಿಲ್ಲ.