ಶ್ಶ್ ಮಹನೀಯರ ಜೊತೆ ಒಂದು ಭಾನುವಾರ

ಬೆಳಿಗ್ಗೆ ಮೊಬೈಲ್ ತೆರೆದರೆ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಸಾಲು: "ಕೆಲವರು ಸ್ವಲ್ಪ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲರಿಗೂ ಒಳ್ಳೆ ಫೋಟೋ ಸಿಗ್ತಿತ್ತು." ಕೊನೆಗೆ ಕೈ ಮುಗಿದ ಚಿತ್ರ ಬೇರೆ. ಬರೆದದ್ದು ಯಾರು ಗೊತ್ತುಂಟಾ? ನಮ್ಮ ಶ್ಶ್ ಮಹನೀಯರು! ಕುಡಿಯುತ್ತಿದ್ದ ಚಹಾ ಗಂಟಲಲ್ಲಿ ಇಳಿಯಲಿಲ್ಲ ಮಾರಾಯ್ರೆ.

ಮೊನ್ನೆ ಭಾನುವಾರ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಫೋಟೋ ತೆಗೆಯಲು ಹೋಗಿದ್ದೆವು. ಗೈಡ್ ಸಮೇತ, ತಿಂಡಿ ಸಮೇತ. ಮಂಗಳೂರಿನಲ್ಲಿ ಹಾಲಿನ ಅಂಗಡಿ ಬಾಗಿಲು ತೆಗೆಯುವ ಮೊದಲೇ ಹೊರಟು, ಕಾರ್ಕಳ, ಬಜಗೋಳಿ ದಾಟಿ ಮಾಳ ಗೇಟಿಗೆ ಬರುವಾಗ ಬೆಳಕಾಗಿತ್ತು. ಮಹನೀಯರು ಉಡುಪಿ ಕಡೆಯವರು, ಬ್ಯಾಂಕಿನಿಂದ ನಿವೃತ್ತರು. ಮುಂದಿನ ಸೀಟು ಹಿಡಿದು ದಾರಿಯುದ್ದಕ್ಕೂ ಏಸಿ ಫುಲ್ ಇಡಿಸಿದ್ದರು. ಇಳಿದ ಕೂಡಲೇ ಎಲ್ಲರ ಲೆನ್ಸಿಗೂ ಮಂಜು ಹಿಡಿಯಿತು. ಗಾಜು ತಣ್ಣಗೆ, ಹೊರಗೆ ಮೊದಲ ಮಳೆ ಬಿದ್ದ ಒದ್ದೆ ಗಾಳಿ, ಮತ್ತೇನಾದೀತು? ಒರೆಸಿದಷ್ಟೂ ಬರ್ತದೆ. ಸರಿಯಾಗಿ ಆಗಲೇ ಒಂದು ದೊಡ್ಡ ಮಂಗಟ್ಟೆ ಹಕ್ಕಿ ತಲೆ ಮೇಲೆ ರೆಕ್ಕೆ ಬಡಿಯುತ್ತ ಹಾದುಹೋಯಿತು. ನನ್ನ ಫೋಟೋದಲ್ಲಿ ಬರೀ ಬಿಳಿ.

"ಅಯ್ಯೋ" ಅಂದೆ. "ಶ್ಶ್!" ಅಂದರು ಮಹನೀಯರು.

ಅಲ್ಲಿಂದ ಶುರು. ಅವರ ಶ್ಶ್ ನೀವು ಅಂದುಕೊಂಡಂಥ ಶ್ಶ್ ಅಲ್ಲ. ಕುಚ್ಚಲಕ್ಕಿ ಇಟ್ಟ ಕುಕ್ಕರು ಸಿಳ್ಳೆ ಹೊಡೆಯುವ ಮೊದಲು ಬುಸುಗುಡುತ್ತದಲ್ಲ, ಅದು. ಕೆಮ್ಮಿದರೆ ಶ್ಶ್. ತಿಂಡಿ ಡಬ್ಬಿ ತೆಗೆದರೆ ಶ್ಶ್. ಗೈಡ್ ಹುಡುಗ "ಸರ್, ಅಲ್ಲಿ ಕೆಂದಳಿಲು" ಅಂತ ಪಿಸುಗುಟ್ಟಿದರೆ ಅವನಿಗೂ ಶ್ಶ್. ಕೆಂದಳಿಲು ಅದನ್ನು ಕೇಳಿ ಆಚೆ ಮರಕ್ಕೆ ಹಾರಿತು. "ನೋಡಿದ್ರಾ, ನಿಮ್ಮ ಗಲಾಟೆಗೆ ಓಡಿತು!" ಅಂದರು. ಇದನ್ನು ಮಾತ್ರ ಪಿಸುಗುಟ್ಟಲಿಲ್ಲ.

ಮುಂದೆ ತೊರೆಯ ಹತ್ತಿರ ಒಂದು ಸಿಳ್ಳೆ ಕೇಳಿತು. ಶಾಲೆ ಹುಡುಗರು ಮನೆಗೆ ಹೋಗುವಾಗ ಸುಮ್ನೆ ಹಾಕುವಂಥದ್ದು. ತಲೆ ಬುಡ ಇಲ್ಲದ ರಾಗ. ಮಹನೀಯರು ಗಕ್ಕನೆ ನಿಂತರು. ತಿರುಗಿ ನಮ್ಮ ಗುಂಪಿನ ಕಾಲೇಜು ಹುಡುಗನನ್ನು ದುರುಗುಟ್ಟಿ ನೋಡಿದರು. "ಎಂತ ತಮ್ಮಾ, ಕಾಡಲ್ಲಿ ಸಿಳ್ಳೆ ಹಾಕ್ತಾರಾ?" ಅವನ ಬಾಯಿ ತುಂಬ ಬನ್ಸ್ ಇತ್ತು. ಪಾಪ, ಬಾಯಿ ತೆರೆದು ತೋರಿಸಿದ. ಮತ್ತೆ ಸಿಳ್ಳೆ. "ಈಗ ಯಾರು?" ಎಲ್ಲರ ತುಟಿಯನ್ನೂ ಒಂದೊಂದಾಗಿ ಪರೀಕ್ಷಿಸಿದರು. ನನ್ನ ತುಟಿಯ ಮೇಲೆ ಕಣ್ಣು ಸ್ವಲ್ಪ ಜಾಸ್ತಿಯೇ ನಿಂತಿತು.

"ಸರ್, ಅದು ಸಿಳ್ಳಾರ. ಹಕ್ಕಿ" ಅಂದ ಗೈಡ್.

ಮಹನೀಯರು ಒಂದು ಗಳಿಗೆ ಯೋಚಿಸಿದರು. ಆಮೇಲೆ ಹಕ್ಕಿ ಇದ್ದ ಕಡೆ ತಿರುಗಿ "ಶ್ಶ್" ಅಂದರು.

ನಡುವೆ ಮಂಜು ಸರಿದು ಬೆಟ್ಟಸಾಲು ಕಂಡಿತು. ನೆತ್ತಿ ತುಂಬ ಹುಲ್ಲು, ಬೆಟ್ಟದ ಮಡಿಕೆಗಳಲ್ಲಿ ಮಾತ್ರ ಶೋಲಾ ಎಂಬ ದಟ್ಟ ಕಾಡು. ಇಲ್ಲಿನ ಕಬ್ಬಿಣದ ಅದಿರು ನೀರಿನಲ್ಲಿ ಕಲಸಿ ಪೈಪಿನಲ್ಲಿ ನಮ್ಮ ಮಂಗಳೂರಿನ ಪಣಂಬೂರಿಗೆ ಇಳಿಯುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಕಾಡಿಗೆ ಒಳ್ಳೆಯದೇ ಆಯಿತು. ಆದರೂ ಗಣಿಯಲ್ಲಿ ಕೆಲಸಕ್ಕಿದ್ದ ನೆರೆಮನೆಯ ಮಾವ ಆಮೇಲೆ ತಿಂಗಳುಗಟ್ಟಲೆ ಜಗಲಿಯಲ್ಲಿ ಅದೇ ಪೇಪರನ್ನು ತಿರುಗಿಸಿ ಮುರುಗಿಸಿ ಓದುತ್ತಿದ್ದದ್ದು ನೆನಪಾಯಿತು. ಈಗ ಅದೇ ಕಾಡಿನಲ್ಲಿ ನಾನು ದುಡ್ಡು ಕೊಟ್ಟು ಕೋತಿ ಹುಡುಕುತ್ತಿದ್ದೆ.

ಕೋತಿ ಸಿಕ್ಕಿತು. ಸಿಂಗಳೀಕ! ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ್ದು, ನೆಲಕ್ಕಿಳಿಯುವುದೇ ಅಪರೂಪ. ಮರದ ತುದಿಯಲ್ಲಿ ಕಪ್ಪು ಮೈ, ಹಿಂದೆ ಬಿಳಿ ಆಕಾಶ. ಎಕ್ಸ್‌ಪೋಶರ್ ಏರಿಸಿದರೆ ಆಕಾಶ ಹಾಳು, ಇಳಿಸಿದರೆ ಕೋತಿ ಮಸಿ. ಮುಖದ ಸುತ್ತಲಿನ ಬೂದು ಕೇಸರ ನೋಡೋಣವೆಂದರೆ ಅದು ನಮಗೆ ಬೆನ್ನು ಹಾಕಿ ಕೂತಿತ್ತು. ತುದಿಯಲ್ಲಿ ಕುಚ್ಚಿರುವ ಬಾಲ ಮಾತ್ರ ಚೆನ್ನಾಗಿ ಬಂತು.

ಮಹನೀಯರು ಟ್ರೈಪಾಡ್ ಊರಿ, ಬಗ್ಗಿ, ಉಸಿರು ಹಿಡಿದು ನಿಂತಿದ್ದರು. ಆಗ ಕಂಡಿತು, ಅವರ ಕಾಲರಿನ ಮೇಲೆ ಒಂದು ಉಂಬಳ, ರಕ್ತ ಹೀರುವ ಕಾಡಿನ ಜಿಗಣೆ. ಇನ್ನೂ ಸಣ್ಣದು, ಹಸಿದದ್ದು. ಕಿವಿಯ ಕಡೆಗೆ ಹೊರಟಿತ್ತು. ನಾನು ಜೇಬಿನಿಂದ ಉಪ್ಪಿನ ಪೊಟ್ಟಣ ತೆಗೆದೆ.

"ಸರ್..."

"ಶ್ಶ್!"

"ಅಲ್ಲ ಸರ್, ನಿಮ್ಮ ಕುತ್ತಿಗೆ..."

"ಶ್ಶ್ಶ್!"

ಹಿರಿಯರು. ಮಾತಿಗೆ ಮರ್ಯಾದೆ ಕೊಡಬೇಕಲ್ವಾ? ಪೊಟ್ಟಣ ಮಡಚಿ ಜೇಬಿಗೆ ಹಾಕಿಕೊಂಡೆ. ಗೈಡ್ ಹುಡುಗನೂ ಉಂಬಳವನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ಬಹಳ ಶ್ರದ್ಧೆಯಿಂದ ಸಿಂಗಳೀಕವನ್ನು ನೋಡತೊಡಗಿದ.