ಹತ್ತು ಹೆಸರು, ಒಂದೊಂದು ಲೈನು

ಭಾನುವಾರ ಬೆಳಿಗ್ಗೆ ಜರ್ಮನಿಯಿಂದ ಅಕ್ಕನ ಮಗನ ಫೋನು. ಅವನ ಆಫೀಸಿನಲ್ಲಿರುವ ಒಬ್ಬ ಗ್ರೀಕ್ ಸಹೋದ್ಯೋಗಿ ಕೆಲಸ ಬಿಟ್ಟು ಊರಿಗೆ, ಅಂದರೆ ಥೆಸಲೋನಿಕಿಗೆ, ವಾಪಸ್ ಹೊರಟಿದ್ದಾನಂತೆ. ಆ ಊರಿನ ಪಾವೊಕ್ ಫುಟ್ಬಾಲ್ ತಂಡ ಅಂದರೆ ಅವನಿಗೆ ಪ್ರಾಣವಂತೆ. ಬೀಳ್ಕೊಡುಗೆಗೆ ಎಲ್ಲ ಸೇರಿ ಒಂದು ಪೋಸ್ಟರ್ ಮಾಡುತ್ತಾರಂತೆ.

"ಪಾವೊಕ್‌ನ ಹತ್ತು ಜನ ಲೆಜೆಂಡ್‌ಗಳ ಹೆಸರು ಬೇಕು ಮಾವ. ಹೆಸರು, ಯಾವ ವರ್ಷ, ಎಷ್ಟು ಗೋಲು. ಒಂದೊಂದು ಲೈನ್ ಸಾಕು. ಸಂಜೆಯೊಳಗೆ ಕಳಿಸ್ತೀರಾ?"

"ಇಂಟರ್‌ನೆಟ್ಟಲ್ಲಿ ಸಿಗಲ್ವೇನೋ?"

"ಸಿಗುತ್ತೆ. ನಿಮಗೆ ಫುಟ್ಬಾಲ್ ಇಷ್ಟ ಅಲ್ವಾ, ಟೈಂಪಾಸ್ ಆಗುತ್ತೆ ಅಂತ ಕೇಳ್ದೆ."

ರಿಟೈರಾದ ಮೇಲೆ ಮನೆಯವರು ಅವರೆಕಾಯಿ ಬುಟ್ಟಿ ತಂದು ಮುಂದಿಡುವುದು ನನಗೆ ಅಭ್ಯಾಸವಾಗಿದೆ. ಸುಮ್ನೆ ಕೂತವನ ಕೈಗೆ ಒಂದು ಕೆಲಸ. ಈ ಸಲ ಬುಟ್ಟಿ ಜರ್ಮನಿಯಿಂದ ಬಂದಿತ್ತು, ಅಷ್ಟೇ.

ಸಿಟ್ಟು ಬಂದದ್ದು ಅದಕ್ಕಲ್ಲ. ಲೆಜೆಂಡ್ ಅನ್ನುವ ಪದಕ್ಕೆ. ಈಗ ಎರಡು ಸೀಸನ್ ಆಡಿ ಮೂರು ಫ್ರೀ ಕಿಕ್ ಹೊಡೆದವನೂ ಲೆಜೆಂಡು. ನಮ್ಮ ಬೀದಿಯಲ್ಲಿ ಸರಿಯಾಗಿ ದೋಸೆ ಹುಯ್ಯುವವನೂ ಲೆಜೆಂಡು. ಹತ್ತು ಜನ ಬೇಕಂತೆ, ಡಜನ್ ಬಾಳೆಹಣ್ಣು ಕೇಳಿದ ಹಾಗೆ. ಅದೂ ಒಂದೊಂದು ಲೈನಿನಲ್ಲಿ.

ಇರಲಿ ಅಂತ ಹಾಳೆ ತೆಗೆದುಕೊಂಡು ಕೂತೆ. ಒಂದನೇ ಹೆಸರಿಗೆ ಯೋಚಿಸಬೇಕಾಗಿಯೇ ಇರಲಿಲ್ಲ. ಯೋರ್ಗೊಸ್ ಕೂದಾಸ್. ವರ್ಷ: 1963–84. ಲೀಗಿನಲ್ಲಿ 504 ಪಂದ್ಯ, 134 ಗೋಲು. ಒಂದು ಲೈನು ಮುಗಿಯಿತು. ಎರಡನೆಯದಕ್ಕೆ ಹೋಗಬೇಕು. ಹೋಗಲಾಗಲಿಲ್ಲ. ಆ 1963ಕ್ಕೂ 84ಕ್ಕೂ ನಡುವೆ ನಾನೇ ಎಳೆದ ಪುಟ್ಟ ಗೆರೆ ಇದೆಯಲ್ಲ, ಅದು ಸುಳ್ಳು. ಅದರ ಕೆಳಗೆ ಎರಡು ವರ್ಷ ಹೂತುಹೋಗಿದೆ.

1966ರ ಬೇಸಿಗೆ. ಹುಡುಗನಿಗೆ ಇನ್ನೂ ಹತ್ತೊಂಬತ್ತು. ಚೆಂಡು ಅವನ ಕಾಲಿಗೆ ಬಂದರೆ ಥೆಸಲೋನಿಕಿಯ ತೂಂಬಾ ಮೈದಾನದಲ್ಲಿ ಕೂತವರು ಎದ್ದು ನಿಲ್ಲುತ್ತಿದ್ದ ಕಾಲ. ಇದ್ದಕ್ಕಿದ್ದಂತೆ ಹುಡುಗ ಐನೂರು ಕಿಲೋಮೀಟರ್ ದೂರದ ಪಿರೇಯಸ್ ಬಂದರಿನಲ್ಲಿ ಪ್ರತ್ಯಕ್ಷ. ಅಲ್ಲಿನ ಒಲಿಂಪಿಯಾಕೊಸ್ ಕ್ಲಬ್ಬು ಕರೆದಿತ್ತು, ಹೋಗಿದ್ದ. ಪಾವೊಕ್‌ನವರು ಇದನ್ನು ಈಗಲೂ ಅಪಹರಣ ಅಂತಲೇ ಹೇಳುವುದು. ಹತ್ತೊಂಬತ್ತರ ಹುಡುಗನನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಹೋಗಿರಲಿಕ್ಕಿಲ್ಲ, ಬಿಡಿ. ಆದರೆ ನಮ್ಮವನು ತಾನಾಗಿಯೇ ಹೋದ ಅನ್ನುವುದಕ್ಕಿಂತ ಯಾರೋ ಹೊತ್ತುಕೊಂಡು ಹೋದರು ಅನ್ನುವುದು ಎದೆಗೆ ಹಗುರ.

ಗ್ರೀಸಿನಲ್ಲಿ ಫುಟ್ಬಾಲ್ ಪೂರ್ತಿ ವೃತ್ತಿಪರ ಆದದ್ದು 1979ರಲ್ಲಿ. ಅದಕ್ಕೆ ಮುಂಚೆ ಆಟಗಾರನ ಕಾರ್ಡು ಕ್ಲಬ್ಬಿನ ಕೈಯಲ್ಲಿರುತ್ತಿತ್ತು. ಕಾಲು ಇವನದು, ಕಾರ್ಡು ಅವರದು. ಬೇರೆ ಕಡೆ ಆಡಬೇಕಾದರೆ ಹಳೇ ಕ್ಲಬ್ಬು ಒಪ್ಪಿ ಸಹಿ ಹಾಕಬೇಕು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಎನ್‌ಒಸಿ. ಪಾವೊಕ್ ಅಧ್ಯಕ್ಷ ಪಂತೆಲಾಕಿಸ್ ಸಹಿ ಹಾಕಲಿಲ್ಲ. ಇವತ್ತು ಹಾಕಲಿಲ್ಲ, ನಾಳೆ ಹಾಕಲಿಲ್ಲ, ಮುಂದಿನ ವರ್ಷವೂ ಹಾಕಲಿಲ್ಲ. ಹುಡುಗ ಒಲಿಂಪಿಯಾಕೊಸ್‌ನ ಕೆಂಪು ಬಿಳಿ ಅಂಗಿ ತೊಟ್ಟು ಸ್ನೇಹ ಪಂದ್ಯಗಳಲ್ಲಿ ಆಡಿದ. ಲೀಗಿನಲ್ಲಿ ಒಂದು ನಿಮಿಷವೂ ಇಲ್ಲ. ಅಷ್ಟರಲ್ಲಿ ದೇಶದಲ್ಲಿ ಕ್ರಾಂತಿಯಾಗಿ ಸರ್ಕಾರವೇ ಸೈನ್ಯದ ಕೈಗೆ ಹೋಯಿತು. ಒಂದು ದೇಶ ಕೈ ಬದಲಾಯಿಸಿತು, ಒಂದು ಕಾರ್ಡು ಬದಲಾಯಿಸಲಿಲ್ಲ.

ಎನ್‌ಒಸಿ ವಿಷಯ ಬಂದದ್ದರಿಂದ ಒಂದು ಮಾತು. ನನ್ನ ಹಳೇ ಸ್ಕೂಟರಿಗೆ ಒಂದು ಎನ್‌ಒಸಿ ಬೇಕಾಗಿತ್ತು. ಯಾವ ಆಫೀಸು ಅಂತ ಹೇಳುವುದಿಲ್ಲ, ಇನ್ನೊಂದು ಸಲ ಅಲ್ಲಿಗೆ ಹೋಗಬೇಕಾಗಿ ಬರಬಹುದು. ಏಳು ತಿಂಗಳು ಅಲೆದೆ. ಸಾಹೇಬರು ಮೀಟಿಂಗಲ್ಲಿದ್ದಾರೆ, ಸಾಹೇಬರು ಊಟಕ್ಕೆ ಹೋಗಿದ್ದಾರೆ, ಸಾಹೇಬರು ವರ್ಗವಾಗಿದ್ದಾರೆ. ಕೊನೆಗೆ ಸಹಿಯಾದ ದಿನ ಸೀಲಿನ ಪ್ಯಾಡು ಒಣಗಿತ್ತು. ಗುಮಾಸ್ತರು ಕುಡಿಯುವ ನೀರಿನ ಬಾಟಲಿಯಿಂದ ಎರಡು ಹನಿ ಪ್ಯಾಡಿಗೆ ಬಿಟ್ಟು, ಬೆರಳಲ್ಲಿ ಸವರಿ, ಮೇಲಿಂದ ಮುಷ್ಟಿಯಲ್ಲಿ ಗುದ್ದಿ ಸೀಲು ಒತ್ತಿದರು. ಅರ್ಧ ಅಕ್ಷರ ಮೂಡಿತು. ಅಷ್ಟು ಹೊತ್ತಿಗೆ ಸ್ಕೂಟರಿನ ಬ್ಯಾಟರಿ ಸತ್ತಿತ್ತು, ಕೊಳ್ಳುವವನು ಬೇರೆ ಗಾಡಿ ತಗೊಂಡಿದ್ದ, ಸೈಲೆನ್ಸರ್ ಕೊಳವೆಯೊಳಗೆ ಕಣಜ ಗೂಡು ಕಟ್ಟಿತ್ತು. ಈಗಲೂ ಅದು ಮನೆ ಹಿಂದೆ ಇದೆ. ಕಾಗದ ಬೀರುವಿನಲ್ಲಿದೆ.

ನನ್ನದು ಏಳು ತಿಂಗಳು, ಅದೂ ಒಂದು ಸ್ಕೂಟರು. ಅವನದು ಎರಡು ವರ್ಷ, ಹತ್ತೊಂಬತ್ತರಿಂದ ಇಪ್ಪತ್ತೊಂದರವರೆಗಿನ ಕಾಲು.

1968ರಲ್ಲಿ ಕೂದಾಸ್ ವಾಪಸ್ ಬಂದ. ಪಾವೊಕ್‌ನ ಅದೇ ಕಪ್ಪು ಬಿಳಿ ಅಂಗಿ, ಅದೇ ತೂಂಬಾ. ಆಮೇಲೆ ಹದಿನಾರು ವರ್ಷ ಅಲ್ಲಿಂದ ಕದಲಲಿಲ್ಲ. 1976ರಲ್ಲಿ ಪಾವೊಕ್ ಮೊದಲ ಸಲ ಲೀಗ್ ಗೆದ್ದಾಗ ನಾಯಕ ಅವನೇ. ಜನ ಅವನಿಗೆ ಇಟ್ಟ ಹೆಸರು ಮಹಾ ಅಲೆಕ್ಸಾಂಡರ್. ಆ ಸೀಮೆಗೆ ಸಲ್ಲುವ ಹೆಸರೇ, ಥೆಸಲೋನಿಕಿ ಅನ್ನುವುದು ಅಲೆಕ್ಸಾಂಡರನ ಮಲತಂಗಿಯ ಹೆಸರು. ಆದರೆ ಹೆಸರಿಟ್ಟವರಿಗೆ ಹೊಳೆದಿತ್ತೋ ಇಲ್ಲವೋ, ಹೋಲಿಕೆ ಇನ್ನೊಂದು ಕಡೆಯೂ ಕೂಡುತ್ತದೆ. ಅವನು ಬಿಯಾಸ್ ನದಿಯವರೆಗೆ ಬಂದು ಹಿಂದಿರುಗಿದ, ಸೈನಿಕರು ಮುಂದೆ ಬರಲ್ಲ ಅಂದರು. ಇವನು ಪಿರೇಯಸ್‌ವರೆಗೆ ಹೋಗಿ ಹಿಂದಿರುಗಿದ, ಅಧ್ಯಕ್ಷರು ಸಹಿ ಹಾಕಲ್ಲ ಅಂದರು.

ಊರವರು ಅವನನ್ನು ಹೇಗೆ ಕ್ಷಮಿಸಿದರು ಅನ್ನುವುದು ನನಗೆ ಬಗೆಹರಿಯದ ವಿಷಯ. ಬಿಟ್ಟು ಹೋದವನನ್ನು ಕ್ಷಮಿಸಿದರು, ಕರೆದವರನ್ನು ಇವತ್ತಿಗೂ ಕ್ಷಮಿಸಿಲ್ಲ. ಎರಡು ತಂಡಗಳ ನಡುವಿನ ಜಗಳದ ಬೇರು ಕೆದಕಿದರೆ ಈ ಸಹಿಯೇ ಸಿಗುತ್ತದೆ. ಮಗ ಸೊಸೆಯ ಜೊತೆ ಬೇರೆ ಹೋಗಿ ವಾಪಸ್ ಬಂದರೆ ಬೈಗುಳವೆಲ್ಲ ಬೀಗರಿಗೆ ಹೋಗುತ್ತದಲ್ಲ, ಹಾಗೇನೋ. ಇದರಲ್ಲಿ ಏನೋ ಒಂದು ದೊಡ್ಡ ವಿಷಯವಿದೆ ಅಂತ ಅನಿಸಿ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ. ಅಷ್ಟರಲ್ಲಿ ಕಾಫಿ ಬಂತು.

ಎರಡನೇ ಹೆಸರು ಸ್ತಾವ್ರೊಸ್ ಸರಾಫಿಸ್. ಹೆಸರಲ್ಲೇ ಲೆಕ್ಕ. ನಮ್ಮ ಸರಾಫ ಅನ್ನುವ ಪದವೇ ಅದು, ಅರಬ್ಬಿಯಿಂದ ಹೊರಟು ತುರ್ಕಿಯ ಮೂಲಕ ಗ್ರೀಕರಿಗೂ ಸಿಕ್ಕಿದೆ. ಲೀಗಿನಲ್ಲಿ ಪಾವೊಕ್ ಪರವಾಗಿ ಸರಾಫಿಸ್ ಗೋಲು 136. ಕೂದಾಸ್ 134. ಎರಡೇ ಎರಡು ಕಮ್ಮಿ! ಎರಡು ವರ್ಷಕ್ಕೆ ಎರಡು ಗೋಲು ಹೊಡೆಯುತ್ತಿರಲಿಲ್ಲವೇ? ಪೋಸ್ಟರ್ ನೋಡುವವರು ಸರಾಫಿಸ್ ದೊಡ್ಡವನು ಅಂದುಕೊಳ್ಳುತ್ತಾರೆ. ಸರಾಫಿಸ್ ಬಗ್ಗೆ ನನಗೆ ಏನೂ ತಕರಾರಿಲ್ಲ. ಗೋಲಿನ ಕಾಲಂ ಬಗ್ಗೆ ಇದೆ.

ಮುಂದೆ ಜಗೊರಾಕಿಸ್ ಬರೆದೆ. 2004ರಲ್ಲಿ ಪೋರ್ಚುಗಲ್‌ನಲ್ಲಿ ಗ್ರೀಸ್ ಯುರೋ ಕಪ್ ಎತ್ತಿದಾಗ ನಾಯಕ, ಟೂರ್ನಿಯ ಅತ್ಯುತ್ತಮ ಆಟಗಾರ, ಆಮೇಲೆ ಪಾವೊಕ್‌ಗೇ ಅಧ್ಯಕ್ಷ. ಆದರೆ ಕಪ್ ಎತ್ತಿದ ಹೊತ್ತಿಗೆ ಅವನ ಕಾಗದ ಇದ್ದದ್ದು ಅಥೆನ್ಸಿನ ಎಇಕೆ ಕ್ಲಬ್ಬಿನಲ್ಲಿ. ಸಲ್ಪಿಂಗಿದಿಸ್ ಬರೆದೆ. 2010ರಲ್ಲಿ ನೈಜೀರಿಯ ವಿರುದ್ಧ, ವಿಶ್ವಕಪ್ಪಿನಲ್ಲಿ ಗ್ರೀಸಿನ ಮೊಟ್ಟಮೊದಲ ಗೋಲು. ಆಗ ಅವನ ಕಾಗದ ಅಥೆನ್ಸಿನದೇ ಇನ್ನೊಂದು ಕ್ಲಬ್ಬು ಪಾನಥಿನೈಕೋಸ್‌ನಲ್ಲಿ. ಅವನೂ ಆಮೇಲೆ ಪಾವೊಕ್‌ಗೆ ವಾಪಸ್ ಬಂದ. ಈ ಊರಿನವರಿಗೆ ಹೋಗಿ ಬರುವುದೇ ಒಂದು ಚಾಳಿ. ಈ ಗೋಲನ್ನು ಯಾವ ಕಾಲಂಗೆ ಹಾಕಲಿ?

ಐದನೆಯದು ಪನಾಯೊತಿಸ್ ಕಾತ್ಸೂರಿಸ್. ಅವನಿಗೆ ದೊಡ್ಡ ಲೆಕ್ಕವೇನೂ ಇಲ್ಲ. 1998ರ ಫೆಬ್ರವರಿಯಲ್ಲಿ ಕಾರು ಅಪಘಾತದಲ್ಲಿ ಹೋದ, ಇಪ್ಪತ್ತೊಂದು ವಯಸ್ಸು. ಅವನ 17ನೇ ನಂಬರನ್ನು ಕ್ಲಬ್ಬು ಎತ್ತಿಟ್ಟಿತು. ಗೋಲಿನ ಜಾಗ ಖಾಲಿ ಬಿಟ್ಟು 17 ಅಂತ ಮಾತ್ರ ಬರೆದೆ. ಹುಡುಗರು ಅದನ್ನೇ ಗೋಲು ಅಂದುಕೊಳ್ಳಬಹುದು. ಅಂದುಕೊಳ್ಳಲಿ.

ಐದಕ್ಕೇ ನಿಂತಿತು. ಸಂಜೆ ಅಷ್ಟನ್ನೇ ಕಳಿಸಿದೆ. ಕೂದಾಸ್‌ಗೆ ಮಾತ್ರ ಇಪ್ಪತ್ತಮೂರು ಲೈನು. 1995ರಲ್ಲಿ ಯುಗೊಸ್ಲಾವಿಯ ವಿರುದ್ಧದ ಸ್ನೇಹ ಪಂದ್ಯದಲ್ಲಿ ಗೌರವಕ್ಕೆಂದು ಅವನನ್ನು ರಾಷ್ಟ್ರೀಯ ತಂಡಕ್ಕೆ ಇಳಿಸಿದಾಗ ಅವನಿಗೆ ನಲವತ್ತೆಂಟು ಅನ್ನುವುದನ್ನೂ ಸೇರಿಸಿದೆ. ಮೂವತ್ತೆರಡಕ್ಕೇ ಮಂಡಿನೋವು ಅನ್ನುವ ನಮ್ಮ ಹುಡುಗ ಓದಲಿ ಅಂತ.

ಐದು ನಿಮಿಷಕ್ಕೆ ಉತ್ತರ ಬಂತು. ಮಾತಿಲ್ಲ, ಒಂದು ಹಳದಿ ಹೆಬ್ಬೆರಳು, ಅಷ್ಟೇ. ಇಪ್ಪತ್ತಮೂರು ಲೈನು ಅಷ್ಟರಲ್ಲಿ ಓದಿದನೋ ಇಲ್ಲವೋ, ಹೆಬ್ಬೆಟ್ಟು ಒತ್ತಿ ಕಳಿಸಿದ್ದ. 1966ರಿಂದ ಎರಡು ವರ್ಷ ಒಲಿಂಪಿಯಾಕೊಸ್‌ನವರು ಪಾವೊಕ್ ಅಧ್ಯಕ್ಷರ ಹತ್ತಿರ ಕೇಳಿದ್ದೂ ಇದನ್ನೇ.