ಪಂಜೆಯವರನ್ನು ಬಿಟ್ಟರೆ ಹೇಗೆ?

ಮಡಿಕೇರಿಯ ಹಳೇ ಸೆಂಟ್ರಲ್ ಹೈಸ್ಕೂಲಿನ ಬಗ್ಗೆ ನೀವು ಲೇಖನ ಬರೆದಿದ್ದಕ್ಕೆ ಥ್ಯಾಂಕ್ಸ್. ಆದರೆ ಅದರ ತುಂಬ ಬರೀ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರೇ ಇದ್ದಾರೆ. ಅವರು ಅಲ್ಲಿ ಓದಿದವರು, 1949ರಲ್ಲಿ ನಮ್ಮ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು, ಹೆಮ್ಮೆಯೇ ಸರಿ. ಅದೇ ಸ್ಕೂಲಿಗೆ ಹೆಡ್‌ಮಾಸ್ಟರ್ ಆಗಿದ್ದ ಕವಿ ಪಂಜೆ ಮಂಗೇಶರಾಯರ ಹೆಸರೇ ಇಲ್ಲವಲ್ಲ! ಹುಟ್ಟಿದ್ದು ಬಂಟ್ವಾಳದಲ್ಲಿ, ‘ಹುತ್ತರಿ ಹಾಡು’ ಬರೆದಿದ್ದು ನಮ್ಮ ಕೊಡಗಿನ ಮೇಲೆ. ಈಗಲೂ ಸ್ಟೇಜ್ ಮೇಲೆ ಮಕ್ಕಳು ಅದನ್ನು ಹಾಡುತ್ತಾರೆ. (ಮೊದಲ ಚರಣ ಜೋರು, ಆಮೇಲೆಲ್ಲ ಗೊಣಗಾಟ!) ಅವರ ಬಗ್ಗೆ ಒಂದು ಪ್ಯಾರಾ ಸೇರಿಸಿ ಪ್ಲೀಸ್.

ಇನ್ನು ಹಳೇ ಶಾಲೆಗಳನ್ನು ಕೆಡವಿ ಆರ್‌ಸಿಸಿ (ಕಾಂಕ್ರೀಟ್ ತಾರಸಿಯ) ಕಟ್ಟಡ ಕಟ್ಟಬೇಕು ಅಂದಿದ್ದೀರಿ. ಮಡಿಕೇರಿ ಮಳೆಗೆ ತಾರಸಿ ಹೇಗೆ ಸೋರುತ್ತದೆ ಅಂತ ಇಲ್ಲಿನವರನ್ನು ಕೇಳಿ. ಕೊನೆಗೆ ಅದರ ಮೇಲೂ ಶೀಟೇ ಹಾಕಿಸುತ್ತಾರೆ. ಸುಮ್ನೆ ದುಡ್ಡು ದಂಡ, ಅಲ್ವಾ?